ಜನಪದ ಹಾಡು ಕ್ವಾರ್ಟೆಟ್‌ಗೆ ಬಂದಾಗ ಮಟ್ಟು ಉಳಿದು ದನಿ ಮಾತ್ರ ಕಾಣೆಯಾಗೋದ್ಯಾಕೆ?

ವಿಯೋಲಾದವ

ನಮಸ್ಕಾರ. ನಾನು ಒಂದು ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ, ಅಂದರೆ ಎರಡು ಪಿಟೀಲು, ಅದಕ್ಕಿಂತ ತಗ್ಗು ದನಿಯ ವಿಯೋಲಾ, ಇನ್ನೂ ತಗ್ಗಿನ ಚೆಲ್ಲೋ ಇರುವ ನಾಲ್ವರ ತಂಡದಲ್ಲಿ, ವಿಯೋಲಾ ನುಡಿಸುತ್ತೇನೆ. ಮುಂದಿನ ಕಾರ್ಯಕ್ರಮವನ್ನು ಪೂರ್ತಿಯಾಗಿ ಜನಪದ ಮತ್ತು ಆದಿವಾಸಿ ಸಂಗೀತದಿಂದ ಹುಟ್ಟಿದ ಕೃತಿಗಳಿಗೇ ಮೀಸಲಿಡೋಣ ಅಂತ ನಾವು ನಾಲ್ವರೂ ಮಾತಾಡಿಕೊಂಡಿದ್ದೇವೆ. ಸಂಯೋಜಕರೊಬ್ಬರು ಹೊಸ ಕೃತಿ ಬರೆದುಕೊಡಲೂ ಒಪ್ಪಿದ್ದಾರೆ. ಸಂಗ್ರಹಾಲಯವೊಂದರಲ್ಲಿರುವ ಹಳೆಯ ರೆಕಾರ್ಡಿಂಗ್‌ಗಳನ್ನು ಕೇಳಿ, ಅವುಗಳ ಮಟ್ಟುಗಳನ್ನು ತೆಗೆದುಕೊಂಡು ಬರೆಯುವುದು ಅವರ ಯೋಚನೆ.

ನನ್ನ ತಲೆನೋವು ಇಲ್ಲಿದೆ. ಈ ಬಗೆಯ ಸ್ಕೋರ್‌ಗಳನ್ನು (ಬರೆದ ಸ್ವರಲಿಪಿಗಳನ್ನು) ತರಿಸಿ ನುಡಿಸುತ್ತಾ ಹೋದಂತೆ ಒಂದೇ ಅನುಮಾನ ಗಟ್ಟಿಯಾಗುತ್ತಿದೆ. ಮೂಲ ಹಾಡು ಕೇಳಿದರೆ ಮೈ ಜುಮ್ಮೆನ್ನುತ್ತೆ. ಅದೇ ಹಾಡು ಮೊದಲ ಪಿಟೀಲಿಗೆ ಬಂದು, ಕೆಳಗೆ ಚೆಲ್ಲೋ ಉದ್ದುದ್ದ ಸ್ವರ ಹಿಡಿದು ಕೂತಿತೋ, ಮುಗೀತು, ಪ್ರಾರ್ಥನಾ ಗೀತೆಯಷ್ಟು ಸಾಧುವಾಗಿಬಿಡುತ್ತೆ. ಸ್ವರಗಳೆಲ್ಲ ಇದ್ದಲ್ಲೇ ಇರುತ್ತವೆ, ಹಾಡು ಮಾತ್ರ ಇರಲ್ಲ.

ಇದು ಬರೆದವರ ದೋಷವೋ, ನುಡಿಸುವ ನಮ್ಮ ದೋಷವೋ? ಸಂಯೋಜಕರು ಪೆನ್ನು ಹಿಡಿಯುವ ಮೊದಲೇ ಅವರಿಗೆ ಏನು ಹೇಳಬೇಕು? ಕೇಳಲೇಬೇಕಾದ ಕೃತಿಗಳಿದ್ದರೆ ಅವನ್ನೂ ತಿಳಿಸಿ.

ಮೇಣದುರುಳೆ

ಹಂಗೇರಿಯ ಸಂಯೋಜಕ ಬಾರ್ಟೋಕ್‌ನಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ. 1904ರಲ್ಲಿ ಲಿಡಿ ಡೋಸಾ ಎಂಬ ಮನೆಗೆಲಸದ ಹುಡುಗಿ ಹಾಡಿಕೊಳ್ಳುತ್ತಿದ್ದದ್ದು ಕಿವಿಗೆ ಬಿದ್ದ ಮೇಲೆ ಆತನ ದಿಕ್ಕೇ ಬದಲಾಯಿತು. ಅಲ್ಲಿಯತನಕ ನಗರದ ಜಿಪ್ಸಿ ವಾದ್ಯಗಾರರು ನುಡಿಸುತ್ತಿದ್ದುದೇ ಹಂಗೇರಿಯ ಜನಪದ ಅಂತ ಯುರೋಪೆಲ್ಲ ನಂಬಿತ್ತು. 1906ರಲ್ಲಿ ಅಲ್ಲಿನ ಇನ್ನೊಬ್ಬ ಸಂಯೋಜಕ ಕೊಡಾಯ್ ಜೊತೆ ಸೇರಿ 20 ಹಾಡುಗಳನ್ನು ಪಿಯಾನೋ ಹಿಮ್ಮೇಳದೊಂದಿಗೆ ಪ್ರಕಟಿಸಿದ. ಆಮೇಲೆ ಮೇಣದ ಉರುಳೆಯ ಫೋನೋಗ್ರಾಫ್ ಹೊತ್ತುಕೊಂಡು ಹಂಗೇರಿಯನ್, ಸ್ಲೋವಾಕ್, ರೊಮೇನಿಯನ್ ಹಳ್ಳಿಗಳನ್ನು ಸುತ್ತಿದ. 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾ ಕಡೆಗೂ ಹೋಗಿಬಂದ.

ನಿಮ್ಮ ಪ್ರಶ್ನೆಗೆ ಬೇಕಾದದ್ದು 1931ರಲ್ಲಿ ಆತ ಹೇಳಿದ ಮಾತು. ಹಳ್ಳಿಯ ಸಂಗೀತ ಸಂಯೋಜಕನ ಕೈಗೆ ಬಂದಾಗ ಮೂರು ಬಗೆಯಲ್ಲಿ ಒದಗುತ್ತದೆ. ಮಟ್ಟನ್ನು ಇದ್ದ ಹಾಗೇ ಇಟ್ಟು ಸುತ್ತ ಹಿಮ್ಮೇಳ ಕಟ್ಟುವುದು ಮೊದಲನೆಯದು. ಅದೇ ಜಾಡಿನಲ್ಲಿ ತಾನೇ ಹೊಸ ಮಟ್ಟು ಹುಟ್ಟಿಸುವುದು ಎರಡನೆಯದು. ಮೂರನೆಯದರಲ್ಲಿ ಮಟ್ಟೂ ಇಲ್ಲ, ಅನುಕರಣೆಯೂ ಇಲ್ಲ. ಆ ಸಂಗೀತ ಅವನಿಗೆ ತಾಯ್ನುಡಿಯಾಗಿರುತ್ತದೆ, ಏನು ಬರೆದರೂ ಅದರ ವಾಸನೆ ಇರುತ್ತದೆ. ನೀವು ಬೇಸತ್ತಿರುವುದು ಮೊದಲ ಬಗೆಯ ಸೋಮಾರಿ ರೂಪದಿಂದ. ಬಾರ್ಟೋಕ್ ಕ್ವಾರ್ಟೆಟ್‌ಗಳು ಹೆಚ್ಚಾಗಿ ಮೂರನೆಯ ಬಗೆಯವು. ಅಲ್ಲಿ ಹಳ್ಳಿಯ ಹಾಡು ಇಂಥದ್ದು ಅಂತ ಬೆರಳಿಟ್ಟು ತೋರಿಸುವುದು ಕಷ್ಟ, ಆದರೂ ಹಳ್ಳಿ ಬಿಟ್ಟು ಅವು ಇಲ್ಲ.

1934ರ ಐದನೆಯ ಕ್ವಾರ್ಟೆಟ್‌ನ ಸ್ಕರ್ಟ್ಸೋ, ಅಂದರೆ ಚುರುಕು ಲಯದ ಭಾಗ, ತೆಗೆದು ನೋಡಿ. ‘ಬಲ್ಗೇರಿಯನ್ ರೀತಿಯಲ್ಲಿ’ ಅಂತಲೇ ಅದರ ಹೆಸರು. ಒಂಬತ್ತು ಎಣಿಕೆಯನ್ನು 4+2+3 ಅಂತ ಒಡೆದಿದ್ದಾನೆ. ನಡುವಿನ ಭಾಗದಲ್ಲಿ ಹತ್ತನ್ನು 3+2+2+3 ಮಾಡಿದ್ದಾನೆ. ನಮಗೆ ಮಿಶ್ರಚಾಪು, ಖಂಡಚಾಪು ಕಿವಿಯಲ್ಲಿ ಇರುವುದರಿಂದ ಇದು ಅಷ್ಟು ಅಪರಿಚಿತ ಅನ್ನಿಸಲ್ಲ. ಆದರೆ ಹೆಚ್ಚಿನ ಗುಂಪುಗಳು ಇದನ್ನು ಗಣಿತದ ಹಾಗೆ ಎಣಿಸಿ ನುಡಿಸುತ್ತವೆ. ಅದು ಕುಣಿತ. ಕಾಲಿಗೆ ಬರಬೇಕು.

ತಾಳತಪ್ಪಿದವ

ಬಾರ್ಟೋಕ್ ಹೆಸರು ಎಷ್ಟನೇ ಉತ್ತರದಲ್ಲಿ ಬರುತ್ತೆ ಅಂತ ಕಾಯ್ತಾ ಇದ್ದೆ. ಮೊದಲನೆಯದರಲ್ಲೇ ಬಂತು 😄

ಸುಮ್ನೆ ಅವನೊಬ್ಬನನ್ನೇ ಹಿಡ್ಕೊಂಡು ಕೂರೋದ್ಯಾಕೆ. ಬೀಥೋವನ್‌ನ ರಝುಮೋವ್‌ಸ್ಕಿ ಕ್ವಾರ್ಟೆಟ್‌ಗಳನ್ನ ನೋಡಿ, 1806ರವು, ಓಪಸ್ 59. ಕೃತಿ ಬರೆಸಿದವರು ವಿಯೆನ್ನಾದಲ್ಲಿದ್ದ ರಷ್ಯದ ರಾಯಭಾರಿ. ಅವರಿಗೆ ಅಂತ ಬೀಥೋವನ್ ಅಚ್ಚಾದ ಪುಸ್ತಕದಿಂದ ರಷ್ಯದ ಹಾಡು ಎತ್ತಿಕೊಂಡ. ಮೊದಲ ಕ್ವಾರ್ಟೆಟ್‌ನ ಕೊನೇ ಭಾಗಕ್ಕೆ ತಗೊಂಡಿದ್ದು ನಿಧಾನವಾಗಿ ಹಾಡುವ, ಗೋಳಿನ ಹಾಡು. ಇವನು ಅದನ್ನ ಓಡೋ ಲಯಕ್ಕೆ ಹಾಕಿ ಚೆಲ್ಲೋಗೆ ಕೊಟ್ಟ. ಎರಡನೇದರಲ್ಲಂತೂ ‘ಸ್ಲಾವಾ’ ಅನ್ನೋ ಸ್ತುತಿಯ ಹಾಡನ್ನ ಒಬ್ಬರಾದ ಮೇಲೆ ಒಬ್ಬರು ಹಿಡಿದು ಎಳೆದಾಡೋ ಹಾಗೆ ಮಾಡಿದ. ಬೇಕಂತಲೇ ಕೀಟಲೆ ಮಾಡಿದ್ದಾನೆ ಅಂತ ನನ್ನ ಅನುಮಾನ. ಮೂಲಕ್ಕೆ ನಿಷ್ಠೆ ಸೊನ್ನೆ. ಆದ್ರೂ ಸತ್ತ ಸಂಗೀತ ಅಂತ ಹೇಳೋಕಾಗುತ್ತಾ? ನಿಷ್ಠೆ ಇದ್ರೆ ಜೀವ ಇರುತ್ತೆ ಅನ್ನೋ ಲೆಕ್ಕಾಚಾರವೇ ಸರಿಯಿಲ್ಲ.

ಅಡ್ಡಕಮಾನು

ನಾನು ಚೆಲ್ಲೋದವಳು, ಆದ್ದರಿಂದ ಕೈಕೆಲಸದ ಮಾತಾಡ್ತೀನಿ.

ಹಾಡನ್ನ ಸಾಧು ಮಾಡೋದು ಒಂದೇ ಒಂದು ಸಂಗತಿ ಅಲ್ಲ, ನಾಲ್ಕು ಸೇರಿ ಮಾಡ್ತವೆ: ಸಮ ಶ್ರುತಿ (ಸ್ವರಗಳ ನಡುವೆ ಸಮನಾದ ಅಂತರ), ಬಿಡದೆ ಹಾಕೋ ವೈಬ್ರಾಟೊ (ಬೆರಳಿಂದ ಸ್ವರ ನಡುಗಿಸೋದು), ಬಾರ್ ಗೆರೆ (ಎಣಿಕೆಯನ್ನ ತುಂಡು ಮಾಡೋ ಗೆರೆ), ನಾಲ್ಕು ಧ್ವನಿಯ ಕೋರಾಲ್ (ಚರ್ಚಿನ ಪ್ರಾರ್ಥನಾ ಗೀತೆಯಂಥ) ಹಿಮ್ಮೇಳ. ಇದರಲ್ಲಿ ಎರಡು ಬರೆಯುವವರ ಕೈಲಿದೆ, ಎರಡು ನಿಮ್ಮ ಕೈಲಿದೆ.

ಶ್ರುತಿ ತಗೊಳ್ಳಿ. ಪಿಯಾನೋಗಾದರೆ ಅರ್ಧ ಸ್ವರ ಅಂದ್ರೆ 100 ಸೆಂಟ್, ಅದು ಅಲುಗಲ್ಲ. ನಮ್ಮ ವಾದ್ಯಕ್ಕೆ ಮೆಟ್ಟಿಲೇ ಇಲ್ಲ. ಎಷ್ಟೋ ಜನಪದ ಪದ್ಧತಿಗಳಲ್ಲಿ ಮೂರನೇ ಸ್ವರ ಕೋಮಲವೂ ಅಲ್ಲ, ತೀವ್ರವೂ ಅಲ್ಲ, ನಡುವೆ ಎಲ್ಲೋ 350 ಸೆಂಟ್ ಆಸುಪಾಸಲ್ಲಿ ಕೂತಿರುತ್ತೆ. ಕ್ವಾರ್ಟೆಟ್‌ಗೆ ಅದು ಕಷ್ಟವೇ ಅಲ್ಲ, ಬೆರಳು ಕೂದಲೆಳೆಯಷ್ಟು ಸರಿಸಿದರೆ ಸಾಕು. ಆದರೂ ಸಂಯೋಜಕರು ಪಿಯಾನೋ ಮುಂದೆ ಕೂತು ಬರೆದ್ರೆ ಆ ಸ್ವರ ಕಾಗದಕ್ಕೇ ಬರಲ್ಲ. ಅದಕ್ಕೇ ನಿಮ್ಮ ಸಂಯೋಜಕರಿಗೆ ಮೊದಲ ಮಾತು: ಪಿಯಾನೋ ಮುಚ್ಚಳ ಹಾಕಿ, ಪಿಟೀಲಿನ ಮೇಲೆ ಹುಡುಕಿ. ಸ್ವರ ಏರಿದ್ದರೆ ಮೇಲ್ಬಾಣ, ಇಳಿದಿದ್ದರೆ ಕೆಳಬಾಣ ಹಾಕಿ, ಜೊತೆಗೆ ಮೂಲದ ಆಡಿಯೋ ಕೊಡಿ. ಬಾಣ ನೋಡಿ ಕಲಿಯೋದಕ್ಕಿಂತ ಕೇಳಿ ಕಲಿಯೋದು ಬೇಗ ಆಗುತ್ತೆ.

ತಂತಿಯನ್ನೇ ಬೇರೆ ಶ್ರುತಿಗೆ ಇಳಿಸೋದು ಇನ್ನೊಂದು ದಾರಿ. ಕೊಡಾಯ್ 1915ರ ಸೋಲೋ ಚೆಲ್ಲೋ ಸೊನಾಟಾದಲ್ಲಿ ಕೆಳಗಿನ ಎರಡೂ ತಂತಿಗಳನ್ನ ಅರ್ಧ ಸ್ವರ ಇಳಿಸಿದ್ದಾನೆ. ಸಿ ತಂತಿ ಬಿ ಆಗುತ್ತೆ, ಜಿ ತಂತಿ ಎಫ್ ಶಾರ್ಪ್. ಅಷ್ಟಕ್ಕೇ ವಾದ್ಯದ ಹೊಟ್ಟೆಯ ದನಿ ಬದಲಾಗಿಹೋಗುತ್ತೆ, ಒಂದೇ ವಾದ್ಯ ಹಳ್ಳಿಯ ಮೇಳದ ಹಾಗೆ ಮೊಳಗುತ್ತೆ. ನುಡಿಸಿದ ಮೇಲೆ ಕಿವಿ ಸರಿಹೋಗೋಕೆ ಸ್ವಲ್ಪ ಹೊತ್ತು ಬೇಕು, ಅದು ಬೇರೆ ಮಾತು.

ಈಗ ಹಿಮ್ಮೇಳ. ಅಮೆರಿಕದ ಸಂಯೋಜಕಿ ಗೇಬ್ರಿಯೆಲಾ ಲೆನಾ ಫ್ರ್ಯಾಂಕ್ ಅವರ ‘ಲೇಯೆಂದಾಸ್’, 2001ರ ಕ್ವಾರ್ಟೆಟ್, ದಯವಿಟ್ಟು ತರಿಸಿ. ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ವಾದ್ಯಗಳನ್ನ ಅವರು ಹೇಗೆ ತಂತಿಗೆ ತಂದಿದ್ದಾರೆ ನೋಡಿ. ತಾರ್ಕಾ ಅನ್ನೋದು ಮರದ ಕೊಳಲು. ಅದನ್ನ ಮೆಲ್ಲಗೆ ಊದೋದಿಲ್ಲ. ಜೋರಾಗಿ ಊದಿ ಸ್ವರವನ್ನ ಸೀಳಿಸ್ತಾರೆ, ಆ ಒಡಕೇ ಅದರ ಅಂದ. ಗುಂಪಿನಲ್ಲಿ ನಾಲ್ಕನೇ, ಐದನೇ ಸ್ವರದ ಅಂತರದಲ್ಲಿ ಒಟ್ಟೊಟ್ಟಿಗೆ ಸಾಗ್ತಾರೆ. ಆದ್ದರಿಂದ ಅದಕ್ಕೆ ಮೀಸಲಾದ ಭಾಗದಲ್ಲಿ ಸಿಹಿ ಮೂರನೇ ಸ್ವರದ ಕೋರಾಲ್ ಹುಡುಕಬೇಡಿ. ಬಿರುಸು ಬೇಕು, ನಯ ಬೇಡ.

ಇನ್ನು ಸಿಕು, ಅಂದ್ರೆ ಝಂಪೋನ್ಯಾ, ಸಾಲು ಕೊಳಲು. ಅದು ಜೋಡಿವಾದ್ಯ. ಸ್ವರಶ್ರೇಣಿಯನ್ನ ಒಂದು ಬಿಟ್ಟು ಒಂದರಂತೆ ಇಬ್ಬರಿಗೆ ಹಂಚಿರ್ತಾರೆ. ಒಬ್ಬನ ಕೈಲಿ ‘ಇರಾ’, ಇನ್ನೊಬ್ಬನ ಕೈಲಿ ‘ಅರ್ಕಾ’. ಒಬ್ಬನೇ ಮಟ್ಟು ಪೂರ್ತಿ ನುಡಿಸೋಕೆ ಆಗೋದೇ ಇಲ್ಲ. ಫ್ರ್ಯಾಂಕ್ ಅದನ್ನ ಸುಂದರ ಮಟ್ಟು ಮಾಡಿ ಮೊದಲ ಪಿಟೀಲಿಗೆ ಕೊಟ್ಟಿಲ್ಲ, ಹಂಚುವ ಕ್ರಮವನ್ನೇ ಕ್ವಾರ್ಟೆಟ್‌ಗೆ ತಂದಿದ್ದಾರೆ. ನಾವು ಅಭ್ಯಾಸ ಮಾಡುವಾಗ ಎರಡನೇ ಪಿಟೀಲು, ವಿಯೋಲಾ ಎದುರುಬದುರು ಕೂತ್ವಿ. ಒಬ್ಬರ ಕಮಾನು ಬಿಡೋ ಹೊತ್ತಿಗೆ ಇನ್ನೊಬ್ಬರದು ತಂತಿ ಮುಟ್ಟಬೇಕು, ನಡುವೆ ಉಸಿರಿನಷ್ಟೇ ಜಾಗ. ಅಲ್ಲಿಗೆ ದನಿ ಬಂತು! ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ. ಮಟ್ಟನ್ನ ಕೊಂಡೊಯ್ದು, ಅದನ್ನ ನುಡಿಸುವ ರೀತಿಯನ್ನ ಅಲ್ಲೇ ಬಿಟ್ಟು ಬಂದ್ರೆ ನೀವು ಹೇಳಿದ ಹಾಗೇ ಆಗೋದು.

ಅರೆಸ್ವರ

ಎಲ್ಲ ಚೆನ್ನಾಗಿದೆ. ಶ್ರುತಿ, ಬಾಣ, ಕಮಾನು. ಆದರೆ ಮೊದಲ ಪೋಸ್ಟ್‌ನಲ್ಲಿ ಒಂದು ಸಾಲಿದೆ, ಅದನ್ನು ಯಾರೂ ಮುಟ್ಟಲಿಲ್ಲ: ‘ಹಳೆಯ ರೆಕಾರ್ಡಿಂಗ್‌ಗಳ ಮಟ್ಟುಗಳನ್ನು ತೆಗೆದುಕೊಂಡು’. ಯಾರ ಮಟ್ಟು? ಕೇಳಿದ್ದೀರಾ?

ಸಂಗ್ರಹದಲ್ಲಿದೆ ಅಂದ ಮಾತ್ರಕ್ಕೆ ವಾರಸುದಾರರು ಇಲ್ಲ ಅಂತ ಅಲ್ಲ. ಸೊಲೊಮನ್ ದ್ವೀಪಗಳ ಮಲೈಟಾದಲ್ಲಿ 1970ರಲ್ಲಿ ಹ್ಯೂಗೊ ಝೆಂಪ್ ಎಂಬ ಸಂಶೋಧಕರು ಅಫುನಾಕ್ವಾ ಎಂಬ ಹೆಂಗಸು ಹಾಡಿದ ಜೋಗುಳ ಧ್ವನಿಮುದ್ರಿಸಿಕೊಂಡರು. ಯುನೆಸ್ಕೋ ಮಾಲಿಕೆಯಲ್ಲಿ ಅದು ರೆಕಾರ್ಡ್ ಆಗಿ ಬಂತು. 1992ರಲ್ಲಿ ಡೀಪ್ ಫಾರೆಸ್ಟ್ ತಂಡ ಆ ದನಿಯನ್ನೇ ಕತ್ತರಿಸಿ ಜನಪ್ರಿಯ ಹಾಡು ಮಾಡಿತು, ಜಗತ್ತಿನಾದ್ಯಂತ ಮಾರಾಟವಾಯಿತು. 1996ರಲ್ಲಿ ಸ್ಯಾಕ್ಸೋಫೋನ್ ವಾದಕ ಯಾನ್ ಗಾರ್ಬರೆಕ್ ಅದೇ ಮಟ್ಟನ್ನು ನುಡಿಸಿ ‘ಪಿಗ್ಮಿ ಜೋಗುಳ’ ಅಂತ ಹೆಸರಿಟ್ಟರು. ಪಿಗ್ಮಿಗಳು ಇರೋದು ಮಧ್ಯ ಆಫ್ರಿಕಾದಲ್ಲಿ! ಪೆಸಿಫಿಕ್ ಸಾಗರದ ತಾಯಿಯ ಹಾಡು ಕೈಯಿಂದ ಕೈಗೆ ದಾಟಿ ಬೇರೆ ಖಂಡದ ಪಾಲಾಯಿತು. ಅದು ಕ್ವಾರ್ಟೆಟ್ ಅಲ್ಲ, ಒಪ್ಪಿದೆ. ದಾರಿ ಮಾತ್ರ ಅದೇ: ಸಂಗ್ರಹ, ಮಟ್ಟು, ಹೊಸ ಹೆಸರು.

ಉತ್ತರ ಯುರೋಪಿನ ಆದಿವಾಸಿಗಳಾದ ಸಾಮಿ ಜನರ ಯೊಯಿಕ್ ಎಂಬ ಹಾಡಿನ ವಿಷಯ ಇನ್ನೂ ನಾಜೂಕು. ಒಬ್ಬ ವ್ಯಕ್ತಿಯ ಯೊಯಿಕ್ ಅಂದರೆ ಅದು ಆ ವ್ಯಕ್ತಿಯೇ. ಅದು ಸೇರಿದ್ದು ಕಟ್ಟಿದವರಿಗಲ್ಲ, ಯಾರನ್ನು ಯೊಯಿಕ್ ಮಾಡಲಾಗಿದೆಯೋ ಅವರಿಗೆ. ಅದರ ಮೇಲೆ ‘ಥೀಮ್ ಅಂಡ್ ವೇರಿಯೇಷನ್ಸ್’ ಬರೆದರೆ ನೀವು ಯಾರ ಮೇಲೆ ವೇರಿಯೇಷನ್ ಬರೆದ ಹಾಗಾಯಿತು, ಯೋಚಿಸಿ.

ಮೇಣದುರುಳೆ

ಅರೆಸ್ವರ ಅವರೇ, ನೀವು ಕೊಟ್ಟ ಉದಾಹರಣೆಯಲ್ಲಿ ಅನ್ಯಾಯ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಅಳತೆಗೋಲನ್ನು ಎಲ್ಲ ಕಡೆ ಹಿಡಿದರೆ ಕ್ವಾರ್ಟೆಟ್ ಸಾಹಿತ್ಯದ ಅರ್ಧ ಭಾಗ ಕೈಬಿಡಬೇಕಾದೀತು. ಚೈಕೋವ್‌ಸ್ಕಿಯ ಮೊದಲ ಕ್ವಾರ್ಟೆಟ್‌ನ ‘ಆಂದಾಂತೆ ಕಾಂತಾಬಿಲೆ’, 1871ರದು, ಕಾಮೆಂಕಾದಲ್ಲಿ ಕೂಲಿಯವನೊಬ್ಬ ಹಾಡಿಕೊಳ್ಳುತ್ತಿದ್ದ ಮಟ್ಟಿನ ಮೇಲೆ ನಿಂತಿದೆ. ಅದು ವಿಯೋಲಾದವ ಅವರು ಹೇಳುವ ಅರ್ಥದಲ್ಲಿ ಪರಮ ಸಾಧು. ಆದರೆ ಅದನ್ನು ಕೇಳುತ್ತಾ ಪಕ್ಕದಲ್ಲಿ ಕೂತಿದ್ದ ಟಾಲ್‌ಸ್ಟಾಯ್ ಕಣ್ಣೀರಿಟ್ಟರು ಅಂತ ಚೈಕೋವ್‌ಸ್ಕಿಯೇ ಬರೆದುಕೊಂಡಿದ್ದಾನೆ.

ಕೇಳಿಕೊಂಡು ಬಂದವರೂ ಇದ್ದಾರೆ, ಅದನ್ನೂ ಮರೆಯಬೇಡಿ. ನಾರ್ವೆಯ ಹಾರ್ಡಾಂಗರ್ ಪಿಟೀಲಿನ ಹಿರಿಯ ಕ್ನುಟ್ ಡಾಲೆ ತಾನಾಗಿಯೇ ಅಲ್ಲಿನ ಸಂಯೋಜಕ ಗ್ರೀಗ್‌ಗೆ ಕಾಗದ ಬರೆದ, ತನ್ನ ನುಡಿಸಾಣಿಕೆ ತನ್ನೊಂದಿಗೇ ಹೋಗಬಾರದು ಅಂತ. ಪಿಟೀಲು ವಾದಕ ಹಾಲ್ವೊರ್ಸನ್ 1901ರಲ್ಲಿ ಅವನ ಮುಂದೆ ಕೂತು ಬರೆದುಕೊಂಡರು, ಗ್ರೀಗ್ ಪಿಯಾನೋಗೆ ತಂದರು. ನನಗೆ ಇಷ್ಟವಾದದ್ದು ಪ್ರಕಟಣೆಯ ರೀತಿ: ಗ್ರೀಗ್‌ನ ಪಿಯಾನೋ ರೂಪದ ಜೊತೆಗೆ ಹಾಲ್ವೊರ್ಸನ್ ಬರೆದುಕೊಂಡ ಪಿಟೀಲಿನ ರೂಪವೂ ಹೊರಬಂತು. ಯಾರು ಬೇಕಾದರೂ ಪಕ್ಕಪಕ್ಕ ಇಟ್ಟು ನೋಡಬಹುದು, ಸಂಯೋಜಕ ಎಲ್ಲಿ ಕೈ ಹಾಕಿದ್ದಾನೆ ಅಂತ.

ಅರೆಸ್ವರ

ಡಾಲೆ ಉದಾಹರಣೆ ನನ್ನ ಪರವಾಗಿಯೇ ಇದೆ ಸರ್. ಅಲ್ಲಿ ನುಡಿಸುವವನಿಗೆ ಹೆಸರಿತ್ತು, ಅವನೇ ಬಾಗಿಲು ತೆರೆದ. ಕಾಮೆಂಕಾದ ಕೂಲಿಯವನ ಹೆಸರು ಹೇಳಿ ನೋಡೋಣ.

ತಾಳತಪ್ಪಿದವ

ಇದಕ್ಕೆ ಉತ್ತರ ಇಲ್ಲ ಗುರುಗಳೇ, ಸುಮ್ನೆ ಒಪ್ಕೊಳ್ಳಿ 😄

ಅಂದಹಾಗೆ ಬೊಹೀಮಿಯಾದ ಸಂಯೋಜಕ ದ್ವೋರ್ಝಾಕ್ ಯಾವ ಪೆಟ್ಟಿಗೆಗೆ ಬರ್ತಾನೆ? 1893ರ ಬೇಸಿಗೆಯಲ್ಲಿ ಅಮೆರಿಕದ ಅಯೋವಾದ ಸ್ಪಿಲ್‌ವಿಲ್‌ನಲ್ಲಿ ಕೂತು ‘ಅಮೆರಿಕನ್’ ಕ್ವಾರ್ಟೆಟ್ ಬರೆದ. ಕಪ್ಪು ಜನರ, ಆದಿವಾಸಿಗಳ ಹಾಡುಗಳ ಬಗ್ಗೆ ಆಗ ಬಹಳ ಮಾತಾಡ್ತಿದ್ದ. ಆದರೆ ಕ್ವಾರ್ಟೆಟ್‌ನಲ್ಲಿ ಇಂಥ ಹಾಡು ಅಂತ ಒಂದನ್ನೂ ಎತ್ತಿಲ್ಲ. ಐದು ಸ್ವರದ ಶ್ರೇಣಿ ಇದೆ, ಅದು ಅವನ ಬೊಹೀಮಿಯಾದಲ್ಲೂ ಇತ್ತು. ಮೂರನೇ ಭಾಗದಲ್ಲಿ ನೇರವಾಗಿ ಎತ್ತಿಕೊಂಡಿದ್ದು ಅಲ್ಲಿನ ಒಂದು ಹಕ್ಕಿಯ ಕೂಗನ್ನ. ಹಕ್ಕಿ ಹಕ್ಕುಸ್ವಾಮ್ಯ ಕೇಳಲಿಲ್ಲ, ಬಚಾವಾದ.

ವಿಯೋಲಾದವ

ಚರ್ಚೆ ಇಷ್ಟು ಕಾವೇರುತ್ತೆ ಅಂತ ಅಂದುಕೊಂಡಿರಲಿಲ್ಲ. ಅಡ್ಡಕಮಾನು ಅವರು ಹೇಳಿದ್ದನ್ನು ನಿನ್ನೆ ಅಭ್ಯಾಸದಲ್ಲಿ ಮಾಡಿ ನೋಡಿದೆವು, ವೈಬ್ರಾಟೊ ತೆಗೆದು, ಎದುರುಬದುರು ಕೂತು. ಅದೇ ಕಾಗದ, ಅದೇ ಸ್ವರ, ಆದರೆ ಮೊದಲ ಪಿಟೀಲಿನವರು ನಿಲ್ಲಿಸಿ ‘ಇದು ಬೇರೆಯೇ ಕೃತಿ’ ಅಂದರು.

ಅರೆಸ್ವರ ಅವರ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಸಂಗ್ರಹಾಲಯದವರು ಬಳಕೆಗೆ ಅನುಮತಿ ಕೊಟ್ಟಿದ್ದಾರೆ, ಅದು ಕಾಗದದ ಮೇಲಿದೆ. ಹಾಡಿದವರದು? ಪಟ್ಟಿಯಲ್ಲಿ ಕೆಲವರ ಹೆಸರಿದೆ, ಕೆಲವು ಕಡೆ ‘ಸ್ತ್ರೀ ಧ್ವನಿ’ ಅಂತಷ್ಟೇ ಇದೆ. ಕಾನೂನು ಏನು ಹೇಳುತ್ತೆ?

ಮಂದ್ರ

ಕಾನೂನು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ಪರಂಪರೆಯ ಮಟ್ಟಿಗೆ ಒಡೆಯರಿಲ್ಲ ಅಂತಲೇ ಲೆಕ್ಕ. ಅದನ್ನು ಅರೇಂಜ್ ಮಾಡಿದವರಿಗೆ ಮಾತ್ರ ಹೊಸ ಹಕ್ಕು ಹುಟ್ಟುತ್ತದೆ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ 1967ರಲ್ಲಿ 15(4) ಎಂಬ ಕಲಂ ಸೇರಿಸಿ, ಕರ್ತೃ ಗೊತ್ತಿಲ್ಲದ ಅಪ್ರಕಟಿತ ಕೃತಿಗಳಿಗೆ ದೇಶವೊಂದು ಪ್ರಾಧಿಕಾರ ಗೊತ್ತುಮಾಡಬಹುದು ಅಂತ ದಾರಿ ಮಾಡಿಟ್ಟರು. ಬಳಕೆಯಾಗಿದ್ದು ತೀರ ಕಡಿಮೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸಮಿತಿ 2000ದಿಂದ ಕೂತು ಮಾತಾಡುತ್ತಿದೆ. 2024ರ ಮೇ ತಿಂಗಳಲ್ಲಿ ಒಂದು ಒಪ್ಪಂದ ಹೊರಬಂತು, ಆದರೆ ಅದು ತಳಿ ಸಂಪನ್ಮೂಲ ಮತ್ತು ಅದಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಪೇಟೆಂಟ್‌ಗಳ ಬಗ್ಗೆ. ಹಾಡು, ಕುಣಿತ ಅದರಲ್ಲಿ ಇಲ್ಲ. ಆದ್ದರಿಂದ ‘ಕಾನೂನು ಬಿಡುತ್ತೆ’ ಅನ್ನುವುದು ಉತ್ತರವಾಗಲಾರದು.

ನನಗೆ ಹೇಳಬೇಕು ಅನ್ನಿಸುವುದು ಬೇರೆಯೇ ಇದೆ. ಇಡೀ ಚರ್ಚೆಯಲ್ಲಿ ಸಂಯೋಜಕ ಒಂದು ಕಡೆ, ಆದಿವಾಸಿ ಹಾಡುಗಾರ ಇನ್ನೊಂದು ಕಡೆ ಅಂತ ನಾವು ಮೊದಲೇ ಗೆರೆ ಎಳೆದುಬಿಟ್ಟಿದ್ದೇವೆ. ಆ ಗೆರೆ ಈಗ ಎಲ್ಲಿದೆ?

ಅಮೆರಿಕದ ಸಂಯೋಜಕ ರೇವನ್ ಚಾಕೋನ್ ನವಾಹೋ ಜನಾಂಗದವರು. ಆ ಜನ ತಮ್ಮನ್ನು ದಿನೆ ಅಂತ ಕರೆದುಕೊಳ್ಳುತ್ತಾರೆ. 2022ರಲ್ಲಿ ‘ವಾಯ್ಸ್‌ಲೆಸ್ ಮಾಸ್’ ಕೃತಿಗೆ ಪುಲಿಟ್ಜರ್ ಬಂತು, ಸಂಗೀತ ವಿಭಾಗದಲ್ಲಿ ಆ ಬಹುಮಾನ ಪಡೆದ ಮೊದಲ ಅಮೆರಿಕನ್ ಆದಿವಾಸಿ ಅವರು. ಅದರಲ್ಲಿ ಗುರುತು ಹಿಡಿಯಬಹುದಾದ ಜನಪದ ಮಟ್ಟು ಹುಡುಕಿದರೆ ನಿರಾಸೆ ಆಗುತ್ತದೆ. ಪೈಪ್ ಆರ್ಗನ್ ಇದೆ, ವಾದ್ಯಗಳಿವೆ, ಉದ್ದ ಮೌನಗಳಿವೆ. ‘ನಿಮ್ಮ ಜನರ ಹಾಡು ಎಲ್ಲಿ’ ಅಂತ ಅವರನ್ನು ಕೇಳುವ ಅಧಿಕಾರ ನಮಗೇನಿದೆ? ಇದೇ ಚಾಕೋನ್ ಗ್ರ್ಯಾಂಡ್ ಕ್ಯಾನ್ಯನ್ ಸಂಗೀತೋತ್ಸವದ ಯೋಜನೆಯೊಂದರಲ್ಲಿ 2004ರಿಂದ ಆದಿವಾಸಿ ಶಾಲಾ ಮಕ್ಕಳಿಗೆ ಕ್ವಾರ್ಟೆಟ್ ಬರೆಯುವುದನ್ನು ಕಲಿಸುತ್ತಾ ಬಂದಿದ್ದಾರೆ. ಮಕ್ಕಳು ಬರೆಯುತ್ತಾರೆ, ವೃತ್ತಿಪರ ಕ್ವಾರ್ಟೆಟ್ ಬಂದು ನುಡಿಸುತ್ತದೆ.

ಇನ್ನೊಂದು ಮಾದರಿ ಕೆನಡಾದ ಇನುಯಿಟ್ ಆದಿವಾಸಿ ಹಾಡುಗಾರ್ತಿ ಟಾನ್ಯಾ ಟಾಗಾಕ್. ಇನುಯಿಟ್ ಗಂಟಲು ಹಾಡುಗಾರಿಕೆ, ಕಟಾಜ್ಜಾಕ್, ಮೂಲದಲ್ಲಿ ಇಬ್ಬರು ಹೆಂಗಸರ ಆಟ. ಎದುರುಬದುರು ನಿಂತು ಒಬ್ಬರ ಉಸಿರನ್ನು ಇನ್ನೊಬ್ಬರು ಬೆನ್ನಟ್ಟುತ್ತಾರೆ, ಯಾರಿಗಾದರೂ ನಗು ಬಂದರೆ ಅಥವಾ ಉಸಿರು ಕಟ್ಟಿದರೆ ಮುಗಿಯಿತು. ಟಾಗಾಕ್ ಅದನ್ನು ಒಬ್ಬರೇ ಹಾಡುವ ರೀತಿಗೆ ಬೆಳೆಸಿದವರು. ಅಮೆರಿಕದ ಕ್ರೋನೋಸ್ ಕ್ವಾರ್ಟೆಟ್‌ನ ‘ಫಿಫ್ಟಿ ಫಾರ್ ದ ಫ್ಯೂಚರ್’ ಯೋಜನೆಗೆ ‘ಸಿವುನಿತ್ತಿನ್ನಿ’ ಕೃತಿ ಮಾಡಿಕೊಟ್ಟರು. ಸ್ವರಲಿಪಿ ಬರೆಯುವುದು ಅವರ ಕ್ರಮವಲ್ಲ, ಹಾಡುವುದು ಅವರ ಕ್ರಮ. ಜೇಕಬ್ ಗಾರ್ಚಿಕ್ ಎಂಬ ಅರೇಂಜರ್ ಅದನ್ನು ನಾಲ್ಕು ವಾದ್ಯಗಳಿಗೆ ಇಳಿಸಿದರು. ಸಂಯೋಜಕರ ಜಾಗದಲ್ಲಿ ಯಾರ ಹೆಸರಿದೆ ಗಮನಿಸಿ: ಟಾಗಾಕ್. ಕಾಗದಕ್ಕೆ ಇಳಿಸಿದವರು ಅರೇಂಜರ್ ಮಾತ್ರ. ಇನ್ನೂರು ವರ್ಷ ಇದು ತಿರುವುಮುರುವಾಗಿ ನಡೆದಿತ್ತು. ಆ ಯೋಜನೆಯ 50 ಕೃತಿಗಳ ಸ್ಕೋರ್ ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ, ನಿಮ್ಮ ಕಾರ್ಯಕ್ರಮಕ್ಕೆ ಅನುಕೂಲ.

ಅಡ್ಡಕಮಾನು

‘ಸಿವುನಿತ್ತಿನ್ನಿ’ ನುಡಿಸಿದ್ದೀನಿ. ಕಮಾನನ್ನ ತಂತಿಗೆ ಒತ್ತಿ, ಸ್ವರ ಮುರಿದು ಗೊರಗೊರ ಅನ್ನೋ ಹಾಗೆ ಎಳೀಬೇಕು, ಅದೂ ಲಯದಲ್ಲಿ. ಚೆಂದ ನುಡಿಸೋಕೆ ಹೋದ್ರೆ ಕೆಟ್ಟಿತು. ರೋಸಿನ್ ಪುಡಿ ಮಡಿಲ ತುಂಬ.

ಮೇಣದುರುಳೆ

ಮಂದ್ರ ಅವರ ಮಾತು ಒಪ್ಪುತ್ತೇನೆ, ಆದರೂ ಒಂದು ತಕರಾರು. ಹೊರಗಿನವರು ಮುಟ್ಟಲೇಬಾರದು ಅಂತಾದರೆ ಕೆವಿನ್ ವೊಲನ್ಸ್ ಅವರನ್ನು ಎಲ್ಲಿಡುತ್ತೀರಿ? ದಕ್ಷಿಣ ಆಫ್ರಿಕಾದ ಬಿಳಿಯ ಸಂಯೋಜಕ. 1982ರ ‘ವೈಟ್ ಮ್ಯಾನ್ ಸ್ಲೀಪ್ಸ್’ ಮೊದಲಿಗೆ ಎರಡು ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯ), ವಯೋಲಾ ದ ಗಾಂಬಾ (ಚೆಲ್ಲೋವನ್ನು ಹೋಲುವ ಹಳೆಯ ತಂತಿವಾದ್ಯ), ತಾಳವಾದ್ಯಕ್ಕೆ ಬರೆದದ್ದು. ಹಾರ್ಪ್ಸಿಕಾರ್ಡ್‌ಗಳನ್ನು ಯುರೋಪಿನ ಶ್ರುತಿ ಬಿಟ್ಟು ಆಫ್ರಿಕಾದ ಶ್ರುತಿಗೆ ಕೂಡಿಸಿದರು. ಅಂದರೆ ಸಂಪ್ರದಾಯವನ್ನು ವಾದ್ಯಕ್ಕೆ ಬಗ್ಗಿಸಲಿಲ್ಲ, ವಾದ್ಯವನ್ನೇ ಬಗ್ಗಿಸಿದರು. 1986ರಲ್ಲಿ ಕ್ರೋನೋಸ್‌ಗಾಗಿ ಕ್ವಾರ್ಟೆಟ್ ರೂಪ ಮಾಡಿದರು, ಪ್ರಸಿದ್ಧವಾದದ್ದು ಅದೇ. ಮೊದಲ ರೂಪವೇ ಹೆಚ್ಚು ಧೈರ್ಯದ್ದು ಅಂತ ನನ್ನ ಅಭಿಪ್ರಾಯ.

ಅರೆಸ್ವರ

ಮುಟ್ಟಲೇಬಾರದು ಅಂತ ನಾನು ಎಲ್ಲೂ ಹೇಳಿಲ್ಲ. ಮುಟ್ಟಿದ್ದರ ಲೆಕ್ಕ ಬೇಕು. ಆಸ್ಟ್ರೇಲಿಯಾದ ಪೀಟರ್ ಸ್ಕಲ್‌ಥೋರ್ಪ್ ಅವರನ್ನೇ ನೋಡಿ. ಆರ್ನೆಮ್ ಲ್ಯಾಂಡ್‌ನಲ್ಲಿ 1950ರ ದಶಕದ ಕೊನೆಗೆ ಸಂಗ್ರಹಿಸಿದ ‘ಜಿಲಿಲೆ’ ಎಂಬ ಮಟ್ಟನ್ನು ಮತ್ತೆ ಮತ್ತೆ ಬಳಸಿದರು. 1977ರ ‘ಪೋರ್ಟ್ ಎಸ್ಸಿಂಗ್ಟನ್’ನಲ್ಲಿ ತಂತಿವಾದ್ಯಗಳ ಮೂವರು ವಲಸಿಗರ ದಿವಾನಖಾನೆಯ ಸಂಗೀತ ನುಡಿಸುತ್ತಾರೆ, ಸುತ್ತಲಿನ ತಂತಿ ಮೇಳ ಕಾಡು. ದಿವಾನಖಾನೆಯ ಆ ನಯವಾದ ಸಂಗೀತ ಕೂಡ ಅದೇ ಮಟ್ಟಿನ ಮಾರುವೇಷ. ವಿಯೋಲಾದವ ಅವರು ದೂರಿದ ಸಾಧುತನವನ್ನೇ ಇಲ್ಲಿ ಬೇಕಂತಲೇ ಬಳಸಿ, ವಲಸೆ ಏನು ಮಾಡುತ್ತೆ ಅಂತ ಕೇಳಿಸಿದ್ದಾರೆ. ಬುದ್ಧಿವಂತ ಕೃತಿ. ಹಾಗಿದ್ದೂ ಮೂಲದವರ ಜೊತೆ ಮಾತುಕತೆ ಇಲ್ಲದೆ ಆ ಮಟ್ಟು ಕೃತಿಯಿಂದ ಕೃತಿಗೆ ಓಡಾಡಿತು ಅನ್ನೋ ಟೀಕೆ ಅವರನ್ನು ಬಿಡಲಿಲ್ಲ. ಮುಂದೆ ಡಿಜರಿಡೂ (ಅಲ್ಲಿನ ಆದಿವಾಸಿಗಳ ಉದ್ದನೆಯ ಊದುವಾದ್ಯ) ವಾದಕ ವಿಲಿಯಂ ಬಾರ್ಟನ್ ಅವರ ಜೊತೆ ಕೆಲಸ ಮಾಡಿದರು, ಅವರು ಕಲ್ಕಡುಂಗಾ ಜನಾಂಗದವರು. ಇವತ್ತು ಬಾರ್ಟನ್ ತಾವೇ ಕ್ವಾರ್ಟೆಟ್ ಮತ್ತು ಡಿಜರಿಡೂಗೆ ಬರೆಯುತ್ತಾರೆ. ನನಗೆ ಆ ಕೃತಿಗಳೇ ಹೆಚ್ಚು ಕುತೂಹಲ.

ತಾಳತಪ್ಪಿದವ

ಡಿಜರಿಡೂ ಜೊತೆ ಕ್ವಾರ್ಟೆಟ್ ಅಂದ್ರೆ ಯಾರು ಯಾರ ಶ್ರುತಿಗೆ ಬರ್ತಾರೆ?

ಅಡ್ಡಕಮಾನು

ಪ್ರಶ್ನೆ ಚೆನ್ನಾಗಿದೆ. ನಾವೇ ಹೋಗ್ಬೇಕು. ಗೆದ್ದಲು ಕೊರೆದ ನೀಲಗಿರಿ ಜಾತಿಯ ಮರದ ಕೊಂಬೆ ಅದು. ಎಷ್ಟುದ್ದ, ಒಳಗೆ ಎಷ್ಟು ಟೊಳ್ಳು ಅನ್ನೋದರ ಮೇಲೆ ಒಂದೇ ಆಧಾರ ಸ್ವರ. ಸುತ್ತುಸಿರಿನಲ್ಲಿ, ಅಂದ್ರೆ ಊದೋದು ನಿಲ್ಲಿಸದೆ ಮೂಗಿನಿಂದ ಉಸಿರೆಳೆಯೋ ರೀತಿಯಲ್ಲಿ, ಅದು ತಂಬೂರಿ ಹಾಗೆ ನಿಲ್ಲದೆ ಮೊಳಗ್ತಾ ಇರುತ್ತೆ, ಬಣ್ಣ ಮಾತ್ರ ತುಟಿ, ನಾಲಿಗೆಯಿಂದ ಬದಲಾಗುತ್ತೆ. ಆ ಸ್ವರ ಡಿ ಮತ್ತು ಇ ಫ್ಲಾಟ್ ನಡುವೆ ಎಲ್ಲೋ ಬಿದ್ದರೆ ಕ್ವಾರ್ಟೆಟ್ ಅಲ್ಲಿಗೇ ಕೂಡಿಸ್ಕೋಬೇಕು, ಇಲ್ಲಾ ಅವರು ಬೇರೆ ಕೊಂಬೆ ತರಬೇಕು. ವಾದಕರು ಹಲವು ಶ್ರುತಿಯವನ್ನ ಜೊತೇಲಿ ಇಟ್ಕೊಂಡಿರ್ತಾರೆ. ಸ್ಕಲ್‌ಥೋರ್ಪ್‌ನ ಕ್ವಾರ್ಟೆಟ್‌ಗಳಲ್ಲಿ 12, 14, 16, 18 ಇವಕ್ಕೆ ಡಿಜರಿಡೂ ಸೇರಿಸಿ ನುಡಿಸೋ ರೂಪ ಇದೆ, ಇಲ್ಲದೆಯೂ ನುಡಿಸಬಹುದು. ಎರಡೂ ಕೇಳಿದ್ರೆ ‘ಇಲ್ಲದೆಯೂ’ ಅನ್ನೋದು ಎಷ್ಟು ದುಬಾರಿ ಅಂತ ತಿಳಿಯುತ್ತೆ.

ವಿಯೋಲಾದವ

ಸಂಯೋಜಕರ ಜೊತೆ ಮಾತಾಯಿತು. ಮೊದಲು ಸ್ವಲ್ಪ ಮುನಿಸಿಕೊಂಡರು, ಆಮೇಲೆ ಈ ಎಳೆಯನ್ನೇ ಓದಿ ನೋಡಿ ಅಂದೆ, ಓದಿದರು. ಹೆಸರಿಲ್ಲದ ದನಿಗಳ ಹಾಡುಗಳನ್ನು ಕೈಬಿಟ್ಟಿದ್ದಾರೆ. ಪಟ್ಟಿಯಲ್ಲಿ ಹೆಸರಿರುವ ಒಬ್ಬರ ಕುಟುಂಬವನ್ನು ಸಂಗ್ರಹಾಲಯದ ಮೂಲಕ ಹುಡುಕಿಸಿದೆವು. ಹಾಡಿದವರ ಮಗಳು ಈಗಲೂ ಹಾಡುತ್ತಾರೆ. ಹಳೆಯ ಟೇಪಿನ ಬದಲು ಅವರೇ ಅಭ್ಯಾಸಕ್ಕೆ ಬರುವುದು, ಅವರಿಗೂ ಸಂಯೋಜಕರಷ್ಟೇ ಸಂಭಾವನೆ, ಸ್ಕೋರ್ ಮೇಲೆ ಇಬ್ಬರ ಹೆಸರು, ಇಷ್ಟಕ್ಕೆ ಎಲ್ಲರೂ ಒಪ್ಪಿದ್ದಾರೆ. ಒಂದು ಹಾಡನ್ನು ವೇದಿಕೆಗೆ ತರಬೇಡಿ ಅಂತ ಆಕೆ ಮೊದಲೇ ಹೇಳಿದರು, ಕಾರಣ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ದುರದೃಷ್ಟಕ್ಕೆ ಸಂಯೋಜಕರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ಹಾಡು.

ಈಗ ಉಳಿದ ಪ್ರಶ್ನೆ ಬಾರ್ ಗೆರೆಯದ್ದು. ಆಕೆ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುತ್ತಾರೆ, ಪ್ರತಿ ಸಲ ಬೇರೆ ಉದ್ದ. ಅದನ್ನು ನಾಲ್ವರು ಒಟ್ಟಿಗೆ ಹಿಡಿಯುವ ಹಾಗೆ ಬರೆಯುವುದು ಹೇಗೆ?

ಮೇಣದುರುಳೆ

ಎರಡು ದಾರಿ ಇವೆ. ಹಾಡುಗಾರ ಹಾಡಿದ ಹಾಗೆಯೇ ಪ್ರತಿ ಬಾರ್‌ಗೂ ಬೇರೆ ಎಣಿಕೆ ಹಾಕುವುದು ಒಂದು. ಸಂಯೋಜಕ ಪರ್ಸಿ ಗ್ರೇಂಜರ್ 1906ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಫೋನೋಗ್ರಾಫ್ ಹಿಡಿದು ಅದನ್ನೇ ಮಾಡಿದ, ಹಾಡುಗಾರರ ಒಂದೊಂದು ತಡವರಿಕೆಯನ್ನೂ ಬರೆದಿಟ್ಟ. ಬಾರ್ಟೋಕ್ ಕೂಡ 1940ರ ದಶಕದಲ್ಲಿ ಸರ್ಬೋ-ಕ್ರೊವೇಷಿಯನ್ ಹಾಡುಗಳನ್ನು ಲಿಪಿಗಿಳಿಸುವಾಗ ಅಷ್ಟೇ ಸೂಕ್ಷ್ಮಕ್ಕೆ ಹೋದ. ಅಧ್ಯಯನಕ್ಕೆ ಅದು ಚಿನ್ನ. ಆದರೆ ಒಂದು ದಿನದ ಉಸಿರು ಶಾಶ್ವತವಾಗಿ ಗಡಿಯಾರದ ಪಾಲಾಗುತ್ತದೆ. ನಿಮ್ಮಲ್ಲಿ ಹಾಡುವವರೇ ಎದುರಿಗೆ ಇರುವಾಗ ಅದರ ಅಗತ್ಯವಿಲ್ಲ.

ಅಡ್ಡಕಮಾನು

ಹೌದು, ಬಾರ್ ಗೆರೆ ತೆಗೆದುಹಾಕಿ. ಆಕೆಯ ಸಾಲನ್ನ ಎಲ್ಲ ನಾಲ್ಕು ಪಾರ್ಟ್‌ಗಳ ಮೇಲೂ ಸಣ್ಣ ಅಕ್ಷರದಲ್ಲಿ, ಮಾತಿನ ಸಮೇತ ಅಚ್ಚು ಹಾಕಿಸಿ. ಉಸಿರಿನ ಜಾಗದಲ್ಲಿ ಒಂದು ಅಲ್ಪವಿರಾಮ, ಎಣಿಕೆ ಬೇಡ. ಸಾಲು ಮುಗಿದದ್ದು ಯಾವ ಅಕ್ಷರಕ್ಕೆ ಅಂತ ನಾಲ್ವರಿಗೂ ಬಾಯಿಪಾಠ ಇರಬೇಕು. ಆಕೆಯನ್ನ ಅರ್ಧಚಂದ್ರದ ನಡುವೆ ಕೂರಿಸಿ, ಮುಂದೆ ನಿಲ್ಲಿಸಬೇಡಿ. ಮುಂದೆ ನಿಂತರೆ ಬೆನ್ನು ಕಾಣುತ್ತೆ, ಉಸಿರು ಕಾಣಲ್ಲ. ಒಳಗೆ ಬರುವ ಸನ್ನೆ ಮೊದಲ ಪಿಟೀಲು ಕೊಡೋದು ಬೇಡ, ವಿಯೋಲಾ ಕೊಡಲಿ. ಆಕೆಯ ದನಿಯ ಎತ್ತರ ನಿಮ್ಮ ವಾದ್ಯದ್ದೇ ಆಸುಪಾಸು ಇರುತ್ತೆ, ಕಿವಿಗೆ ಹತ್ತಿರ. ಮೊದಲೆರಡು ಅಭ್ಯಾಸಕ್ಕೆ ಕಾಗದವನ್ನೇ ತರಬೇಡಿ ಅಂತ ಸಂಯೋಜಕರಿಗೂ ಹೇಳಿಬಿಡಿ.